ಕೆಳಗಿನ ಪೀಠ, ಮೊದಲ ಮಾತು: ಅಲಬಾಮಾದ ಒಬ್ಬ ನ್ಯಾಯಾಧೀಶ ಮತ್ತು ಇಂದಿನ ತಡೆಯಾಜ್ಞೆಯ ಜಗಳ

2025ರ ಜನವರಿ 20ರಂದು ಡೊನಾಲ್ಡ್ ಟ್ರಂಪ್ ಸಹಿ ಹಾಕಿದ ಆದೇಶವೊಂದು ಅಮೆರಿಕದಲ್ಲಿರುವ ಎಷ್ಟೋ ಕನ್ನಡ ಮನೆಗಳ ಬಾಣಂತನದ ಲೆಕ್ಕವನ್ನೇ ತಲೆಕೆಳಗು ಮಾಡಿತು. ತಾಯಿ ಎಚ್-1ಬಿ ಅಥವಾ ವಿದ್ಯಾರ್ಥಿ ವೀಸಾದಂಥ ತಾತ್ಕಾಲಿಕ ಪರವಾನಗಿಯ ಮೇಲಿದ್ದು, ತಂದೆ ಅಮೆರಿಕದ ಪ್ರಜೆಯೂ ಅಲ್ಲ, ಗ್ರೀನ್ ಕಾರ್ಡ್ ಪಡೆದವನೂ ಅಲ್ಲ ಎಂದಾದರೆ, ಫೆಬ್ರವರಿ 19ರ ನಂತರ ಹುಟ್ಟುವ ಮಗು ಅಮೆರಿಕದ ಪ್ರಜೆಯಲ್ಲ ಎಂಬುದು ಆ ಆದೇಶದ ತಿರುಳು. ಮಾರ್ಚ್‌ನಲ್ಲಿ ಹೆರಿಗೆ ಎಂದು ದಿನ ಎಣಿಸುತ್ತಿದ್ದವರು, ಊರಿನಿಂದ ಅಮ್ಮನನ್ನು ಕರೆಸಿಕೊಂಡಿದ್ದವರು, ವಕೀಲರ ಫೋನ್ ನಂಬರು ಹುಡುಕತೊಡಗಿದರು.

ಮೂರೇ ದಿನಕ್ಕೆ ಆದೇಶ ನಿಂತಿತು. ನಿಲ್ಲಿಸಿದ್ದು ಸುಪ್ರೀಂ ಕೋರ್ಟ್ ಅಲ್ಲ, ಸಂಸತ್ತೂ ಅಲ್ಲ. ಸಿಯಾಟಲ್‌ನ ವಿಚಾರಣಾ ನ್ಯಾಯಾಲಯದಲ್ಲಿ ಕುಳಿತಿದ್ದ 83 ವರ್ಷದ ಜಾನ್ ಕಫೆನೌರ್. 1981ರಲ್ಲಿ ರೊನಾಲ್ಡ್ ರೇಗನ್ ನೇಮಿಸಿದ್ದ ಈ ನ್ಯಾಯಾಧೀಶರು, ಇದು ಎದ್ದುಕಾಣುವಂತೆ ಸಂವಿಧಾನಬಾಹಿರ ಎಂದು ಹೇಳಿ ಮೊದಲಿಗೆ 14 ದಿನಗಳ ತಡೆ ಕೊಟ್ಟರು. ಅದರ ಬೆನ್ನಿಗೇ ಎದ್ದ ಪ್ರಶ್ನೆ ಇಂದಿಗೂ ತಣ್ಣಗಾಗಿಲ್ಲ: ಜನ ಆರಿಸಿದ ಅಧ್ಯಕ್ಷನ ಕೈಯನ್ನು ಯಾರೂ ಆರಿಸದ, ನ್ಯಾಯಾಂಗದ ಕೆಳಗಿನ ಮೆಟ್ಟಿಲಲ್ಲಿ ಕುಳಿತ ಒಬ್ಬ ವ್ಯಕ್ತಿ ಹಿಡಿಯಬಹುದೇ?

ಈ ಪ್ರಶ್ನೆಯನ್ನು ಕಾನೂನಿನ ಪಾಠವಾಗಿ ಬಿಡಿಸಲು ಹೊರಟರೆ ಕೊನೆಗೆ ಪಕ್ಷದ ಜಗಳವೇ ಕೈಗೆ ಸಿಗುತ್ತದೆ. ಒಬ್ಬ ನ್ಯಾಯಾಧೀಶರ ಇಡೀ ವೃತ್ತಿಜೀವನವನ್ನು ಮುಂದಿಟ್ಟುಕೊಂಡು ನೋಡಿದರೆ ಮಾತ್ರ ಆ ಪೀಠ ಯಾವುದರಿಂದ ಆಗಿದೆ ಎಂಬುದು ತಿಳಿಯುತ್ತದೆ. ನಾನು ಆರಿಸಿಕೊಂಡಿರುವುದು ಅಲಬಾಮಾ ರಾಜ್ಯದ ಮಾಂಟ್ಗೊಮರಿಯಲ್ಲಿ 1955ರಿಂದ 1979ರವರೆಗೆ ಕುಳಿತಿದ್ದ ಫ್ರಾಂಕ್ ಎಂ. ಜಾನ್ಸನ್ ಅವರನ್ನು.

ಅದಕ್ಕೂ ಮೊದಲು ಒಂದು ಗೊಂದಲವನ್ನು ಬಗೆಹರಿಸಬೇಕು. ಅಮೆರಿಕದ ಈ ಹುದ್ದೆಯ ಹೆಸರನ್ನು ನಾವು 'ಜಿಲ್ಲಾ ನ್ಯಾಯಾಧೀಶ' ಎಂದು ಕನ್ನಡಿಸುತ್ತೇವೆ. ಹೆಸರು ಸರಿ, ಮನಸ್ಸಿನಲ್ಲಿ ಮೂಡುವ ಚಿತ್ರ ತಪ್ಪು. ನಮ್ಮ ಜಿಲ್ಲಾ ನ್ಯಾಯಾಧೀಶರು ಹೈಕೋರ್ಟಿನ ಆಡಳಿತಕ್ಕೆ ಒಳಪಟ್ಟವರು, ಕೆಲವು ವರ್ಷಗಳಿಗೊಮ್ಮೆ ವರ್ಗವಾಗುವವರು, 60ಕ್ಕೆ ನಿವೃತ್ತರಾಗುವವರು. ಸರ್ಕಾರದ ಆದೇಶ ಸಂವಿಧಾನಕ್ಕೆ ವಿರುದ್ಧ ಎಂದು ರಿಟ್ ಹೊರಡಿಸುವ ಅಧಿಕಾರ ಅವರಿಗಿಲ್ಲ. ಅದಕ್ಕೆ ಬೆಂಗಳೂರು, ಧಾರವಾಡ, ಕಲಬುರಗಿಯ ಹೈಕೋರ್ಟ್ ಪೀಠಗಳ ಬಾಗಿಲಿಗೇ ಹೋಗಬೇಕು. ಅಮೆರಿಕದ ಫೆಡರಲ್ ವಿಚಾರಣಾ ನ್ಯಾಯಾಧೀಶರದು ಬೇರೆಯೇ ಜಾತಿ. ದೇಶದ 94 ಫೆಡರಲ್ ಜಿಲ್ಲೆಗಳಲ್ಲಿ ಇಂಥ 670ಕ್ಕೂ ಹೆಚ್ಚು ಹುದ್ದೆಗಳಿವೆ. ಅಧ್ಯಕ್ಷ ಹೆಸರಿಸುತ್ತಾನೆ, ಸೆನೆಟ್ ಒಪ್ಪುತ್ತದೆ, ಆಮೇಲೆ ಅವರು ಬದುಕಿರುವಷ್ಟು ಕಾಲ ಆ ಪೀಠ ಅವರದೇ. ಸಂಬಳ ಇಳಿಸುವಂತಿಲ್ಲ, ವರ್ಗ ಮಾಡುವಂತಿಲ್ಲ. ಸಂಸತ್ತಿನ ವಾಗ್ದಂಡನೆ ಬಿಟ್ಟರೆ ತೆಗೆಯುವ ದಾರಿಯೇ ಇಲ್ಲ. ಇನ್ನೂರು ವರ್ಷ ಮೀರಿದ ಇತಿಹಾಸದಲ್ಲಿ ಹಾಗೆ ಪದವಿ ಕಳೆದುಕೊಂಡ ಫೆಡರಲ್ ನ್ಯಾಯಾಧೀಶರು ಎಂಟೇ ಜನ.

ಇನ್ನೊಂದು ವ್ಯತ್ಯಾಸ ನಮ್ಮ ಕಣ್ಣಿಗೆ ಬೀಳುವುದು ಕಡಿಮೆ, ಆದರೆ ಈ ಕಥೆಗೆ ಅದೇ ಮುಖ್ಯ. ನಮ್ಮಲ್ಲಿ ನ್ಯಾಯಾಧೀಶರನ್ನು ಸಾಮಾನ್ಯವಾಗಿ ಹುಟ್ಟೂರಿನಿಂದ ದೂರ ಇಡುತ್ತೇವೆ; ನೆಂಟರಿಷ್ಟರ ಗಾಳಿ ಸೋಕದಿರಲಿ ಎಂದು. ಅಲ್ಲಿ ಕಾನೂನೇ ಉಲ್ಟಾ: ತನ್ನ ಜಿಲ್ಲೆಯಲ್ಲೇ ವಾಸಿಸಬೇಕು. ಯಾರ ವಿರುದ್ಧ ತೀರ್ಪು ಕೊಟ್ಟರೋ ಅವರ ಪಕ್ಕದ ಅಂಗಡಿಯಲ್ಲೇ ಮರುದಿನ ಹಾಲು ಕೊಳ್ಳಬೇಕು.

ಜಾನ್ಸನ್ 1918ರಲ್ಲಿ ಹುಟ್ಟಿದ್ದು ಉತ್ತರ ಅಲಬಾಮಾದ ಗುಡ್ಡಗಾಡು ವಿನ್ಸ್ಟನ್ ಕೌಂಟಿಯಲ್ಲಿ. ಗುಲಾಮಗಿರಿ ಉಳಿಸಿಕೊಳ್ಳಲು 1861ರಲ್ಲಿ ರಾಜ್ಯವೇ ಒಕ್ಕೂಟದಿಂದ ಸಿಡಿದಾಗ ಈ ಬಡ ಕೌಂಟಿ ಒಲ್ಲೆ ಎಂದಿತ್ತು. ಗುಲಾಮರನ್ನು ಇಟ್ಟುಕೊಳ್ಳುವಷ್ಟು ಹತ್ತಿಯ ಹೊಲಗಳೇ ಅಲ್ಲಿರಲಿಲ್ಲ. ಡೆಮಾಕ್ರಟಿಕ್ ಪಕ್ಷದ ಸಮುದ್ರದಂತಿದ್ದ ದಕ್ಷಿಣದಲ್ಲಿ ಅದು ರಿಪಬ್ಲಿಕನ್ ದ್ವೀಪವಾಗಿ ಉಳಿಯಿತು. ತಂದೆ ಆ ಪಕ್ಷದ ಶಾಸಕರಾಗಿದ್ದವರು, ಪ್ರೊಬೇಟ್ ನ್ಯಾಯಾಧೀಶರೂ ಆಗಿದ್ದವರು. ಮಗ ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿದ, ಎರಡನೇ ಮಹಾಯುದ್ಧದಲ್ಲಿ ನಾರ್ಮಂಡಿಯಲ್ಲಿ ಗಾಯಗೊಂಡ, ಜಾಸ್ಪರ್ ಎಂಬ ಊರಿನಲ್ಲಿ ವಕೀಲಿಕೆ ಮಾಡಿದ. ಕಾಲೇಜಿನ ಗೆಳೆಯರಲ್ಲಿ ಒಬ್ಬ ಜಾರ್ಜ್ ವಾಲೇಸ್. ಈ ಹೆಸರನ್ನು ನೆನಪಿಡಿ.

1952ರಲ್ಲಿ ಐಸೆನ್‌ಹೋವರ್ ಗೆದ್ದಾಗ ಅಲಬಾಮಾದಲ್ಲಿ ಹುದ್ದೆ ಕೊಡಲು ರಿಪಬ್ಲಿಕನ್ ವಕೀಲರನ್ನು ಹುಡುಕಿ ತೆಗೆಯಬೇಕಿತ್ತು. ಜಾನ್ಸನ್ ಮೊದಲು ಫೆಡರಲ್ ಪ್ರಾಸಿಕ್ಯೂಟರ್ ಆದರು. ಕಪ್ಪು ಕೂಲಿಗಳನ್ನು ಸಾಲದ ನೆಪದಲ್ಲಿ ಜೀತಕ್ಕಿಟ್ಟುಕೊಂಡಿದ್ದ ಬಿಳಿ ಜಮೀನುದಾರರಿಗೆ ಶಿಕ್ಷೆ ಕೊಡಿಸಿದರು. 1955ರ ಶರತ್ಕಾಲದಲ್ಲಿ, 37ರ ವಯಸ್ಸಿನಲ್ಲಿ, ಮಾಂಟ್ಗೊಮರಿಯ ನ್ಯಾಯಪೀಠ ಏರಿದರು. ಇಡೀ ದೇಶದ ನಾಗರಿಕ ಹಕ್ಕುಗಳ ಇತಿಹಾಸವನ್ನು ತಿರುಗಿಸಿದವರಲ್ಲಿ ಒಬ್ಬರಾದ ಈ ಮನುಷ್ಯ ಅಲ್ಲಿಗೆ ಬಂದದ್ದು ಆದರ್ಶದ ಬಲದಿಂದಲ್ಲ. ಒಂದು ಕೌಂಟಿಯ ಹಳೆಯ ಹಟ ಮತ್ತು ಪಕ್ಷಕ್ಕಿದ್ದ ಜನರ ಬರ ಸೇರಿ ಆದ ನೇಮಕ ಅದು.

ಆ ಡಿಸೆಂಬರ್ 1ರಂದು, ಅವರು ಪೀಠಕ್ಕೆ ಬಂದ ಕೆಲವೇ ವಾರಗಳಲ್ಲಿ, ಅದೇ ಊರಿನ ಬಸ್ಸೊಂದರಲ್ಲಿ ರೋಸಾ ಪಾರ್ಕ್ಸ್ ಸೀಟು ಬಿಡಲು ಒಪ್ಪದೆ ಬಂಧನಕ್ಕೊಳಗಾದರು. ಬಸ್ ಬಹಿಷ್ಕಾರದ ಕಥೆ ನಮಗೆ ಗೊತ್ತು. ಮಾರ್ಟಿನ್ ಲೂಥರ್ ಕಿಂಗ್ ಎಂಬ ಯುವ ಪಾದ್ರಿ, ವರ್ಷವಿಡೀ ಕೆಲಸಕ್ಕೆ ನಡೆದೇ ಹೋದ ಜನ, ಎಲ್ಲವನ್ನೂ ಶಾಲೆಯಲ್ಲೇ ಓದಿದ್ದೇವೆ. ಬಹಿಷ್ಕಾರ ಗೆದ್ದದ್ದು ಕೋರ್ಟಿನ ಕಾಗದದಿಂದ ಎಂಬುದು ಮಾತ್ರ ಪಾಠದಲ್ಲಿ ಮರೆಯಾಗುತ್ತದೆ. ಬೇರೆ ನಾಲ್ವರು ಮಹಿಳೆಯರ ಹೆಸರಿನಲ್ಲಿ ನಡೆದ ಆ ಮೊಕದ್ದಮೆ ಮೂವರು ನ್ಯಾಯಾಧೀಶರ ಪೀಠದ ಮುಂದೆ ಬಂತು: ಜಾನ್ಸನ್, ಹಿರಿಯರಾದ ರಿಚರ್ಡ್ ರೈವ್ಸ್, ಸೀಬೋರ್ನ್ ಲಿನ್. ಒಳಕೋಣೆಯಲ್ಲಿ ಕಿರಿಯರು ಮೊದಲು ಅಭಿಪ್ರಾಯ ಹೇಳುವುದು ರೂಢಿ. ಕಾನೂನು ಸ್ಪಷ್ಟವಾಗಿದೆ, ಸರ್ಕಾರ ಜನರನ್ನು ಬಣ್ಣ ನೋಡಿ ಬೇರೆ ಕೂರಿಸುವಂತಿಲ್ಲ ಎಂದು ಜಾನ್ಸನ್ ಹೇಳಿದರು, ರೈವ್ಸ್ ಒಪ್ಪಿದರು, ಲಿನ್ ಒಪ್ಪಲಿಲ್ಲ. 1956ರ ಜೂನ್ 5ರಂದು ಎರಡಕ್ಕೆ ಒಂದರ ತೀರ್ಪು, ನವೆಂಬರ್ 13ರಂದು ಸುಪ್ರೀಂ ಕೋರ್ಟಿನ ಅನುಮೋದನೆ, ಡಿಸೆಂಬರ್ 21ರಂದು ಎಲ್ಲರೂ ಒಟ್ಟಿಗೆ ಕೂತ ಬಸ್ಸು.

ತೀರ್ಪಿನ ಬೆಲೆಯನ್ನು ಊರು ವಸೂಲಿ ಮಾಡಿತು. ಜಾನ್ಸನ್ ಮನೆಯ ಹುಲ್ಲುಹಾಸಿನ ಮೇಲೆ ಶಿಲುಬೆಗೆ ಬೆಂಕಿ ಹಚ್ಚಲಾಯಿತು. ರೈವ್ಸ್ ಅವರ ತೀರಿಹೋದ ಮಗನ ಸಮಾಧಿಯ ಮೇಲೆ ಕಸ ಸುರಿಯಲಾಯಿತು. 1967ರಲ್ಲಿ ಜಾನ್ಸನ್ ತಾಯಿಯ ಮನೆಗೆ ಬಾಂಬ್ ಬಿತ್ತು, ಆಕೆಗೆ ಗಾಯವಾಗಲಿಲ್ಲ. ಮಾರ್ಷಲ್‌ಗಳ ಕಾವಲು ವರ್ಷಗಟ್ಟಲೆ ಮನೆಯ ಭಾಗವೇ ಆಗಿಹೋಯಿತು. ಆಜೀವ ಹುದ್ದೆ ಸಂಬಳವನ್ನು ಕಾಯುತ್ತದೆ. ಎದುರು ಬಂದವರು ಮುಖ ತಿರುಗಿಸುವುದನ್ನು ಯಾವ ಸಂವಿಧಾನವೂ ತಡೆಯಲಾರದು.

ಇಷ್ಟು ಓದಿ ಜಾನ್ಸನ್ ಎಂದರೆ ಒಬ್ಬ ಸಂತ ಎಂದು ತಿಳಿಯಬೇಡಿ. ಮಾಂಟ್ಗೊಮರಿಗೆ ಪೂರ್ವದಲ್ಲಿ ಟಸ್ಕೀಗಿ ಎಂಬ ಊರಿದೆ, ಕಪ್ಪು ಜನರ ಪ್ರಸಿದ್ಧ ವಿದ್ಯಾಸಂಸ್ಥೆಯಿರುವ ಊರು. ಅಲ್ಲಿ ಕಪ್ಪು ಮತದಾರರು ಹೆಚ್ಚುತ್ತಿರುವುದನ್ನು ಕಂಡ ರಾಜ್ಯ ಶಾಸನಸಭೆ 1957ರಲ್ಲಿ ಪುರಸಭೆಯ ಗಡಿಯನ್ನೇ ತಿದ್ದಿತು. ಚೌಕಾಕಾರದ ಊರು 28 ಮೂಲೆಗಳ ವಿಚಿತ್ರ ಆಕೃತಿಯಾಯಿತು. ಸುಮಾರು 400 ಕಪ್ಪು ಮತದಾರರಲ್ಲಿ ನಾಲ್ಕೈದು ಜನರನ್ನು ಬಿಟ್ಟು ಎಲ್ಲರೂ ಗಡಿಯಾಚೆ ಬಿದ್ದರು, ಬಿಳಿಯರಲ್ಲಿ ಒಬ್ಬರೂ ಬೀಳಲಿಲ್ಲ. ಪ್ರಕರಣ ಜಾನ್ಸನ್ ಮುಂದೆ ಬಂದಾಗ, ಊರಿನ ಗಡಿ ಎಳೆಯುವುದು ಶಾಸನಸಭೆಯ ಕೆಲಸ, ನನ್ನದಲ್ಲ ಎಂದು 1958ರಲ್ಲಿ ಅವರು ಅರ್ಜಿಯನ್ನು ವಜಾ ಮಾಡಿದರು. ಎರಡು ವರ್ಷದ ನಂತರ ಸುಪ್ರೀಂ ಕೋರ್ಟ್ ಒಮ್ಮತದಿಂದ ಅದನ್ನು ತಳ್ಳಿಹಾಕಿತು. ಕೈಕಟ್ಟಿ ಕೂರುವುದೂ ಒಂದು ತೀರ್ಪೇ, ಅದರಲ್ಲೂ ತಪ್ಪಾಗಬಹುದು. 'ನ್ಯಾಯಾಧೀಶರು ಸುಮ್ಮನಿರಬೇಕಿತ್ತು' ಎಂದು ಇಂದು ಸಲೀಸಾಗಿ ಹೇಳುವವರು ಈ ಪ್ರಕರಣವನ್ನು ಯಾಕೋ ಉಲ್ಲೇಖಿಸುವುದಿಲ್ಲ.

ಈಗ ವಾಲೇಸ್. 1958ರ ಕೊನೆಯಲ್ಲಿ ಆತ ರಾಜ್ಯದ ಒಂದು ನ್ಯಾಯಾಲಯದಲ್ಲಿ ನ್ಯಾಯಾಧೀಶ. ಮತದಾರರ ನೋಂದಣಿ ಪುಸ್ತಕಗಳನ್ನು ಫೆಡರಲ್ ನಾಗರಿಕ ಹಕ್ಕುಗಳ ಆಯೋಗಕ್ಕೆ ತೋರಿಸುವುದಿಲ್ಲ ಎಂದು ತೊಡೆ ತಟ್ಟಿದ. ತೋರಿಸು, ಇಲ್ಲವಾದರೆ ನ್ಯಾಯಾಂಗ ನಿಂದನೆ ಎಂದು ಜಾನ್ಸನ್ ಆದೇಶಿಸಿದರು. ಜಾನ್ಸನ್ ಮುಂದೆ ಹೇಳಿಕೊಂಡಂತೆ, ಆ ದಿನಗಳಲ್ಲಿ ವಾಲೇಸ್ ರಾತ್ರಿ ಹೊತ್ತು ಅವರ ಮನೆಗೆ ಬಂದು, ಕೆಲವೇ ದಿನಗಳ ಸಣ್ಣ ಜೈಲು ಶಿಕ್ಷೆ ಕೊಟ್ಟರೆ ತನ್ನ ರಾಜಕೀಯಕ್ಕೆ ಅನುಕೂಲ ಎಂದು ಕೇಳಿದನಂತೆ. ಗೆಳೆಯ ಒಪ್ಪಲಿಲ್ಲ. ಪುಸ್ತಕಗಳು ಅಡ್ಡದಾರಿಯಲ್ಲಿ, ಗ್ರ್ಯಾಂಡ್ ಜ್ಯೂರಿಯ ಕೈಯಿಂದ, ಆಯೋಗಕ್ಕೆ ತಲುಪಿದವು. ಜಾನ್ಸನ್ ತೀರ್ಪು ಬರೆದರು: ಈತ ಬಳಸುದಾರಿಯಿಂದಾದರೂ ಆದೇಶ ಪಾಲಿಸಿದ್ದಾನೆ, ನಿಂದನೆ ಇಲ್ಲ. ಹುತಾತ್ಮನಾಗಲು ಹೊರಟವನನ್ನು ವಿಧೇಯನೆಂದು ಸಾರುವುದಕ್ಕಿಂತ ದೊಡ್ಡ ಶಿಕ್ಷೆ ಆ ಹೊತ್ತಿನಲ್ಲಿ ಇರಲಿಲ್ಲ. 1963ರಲ್ಲಿ ವಾಲೇಸ್ ಗವರ್ನರ್ ಆದ. ಆ ಹೊತ್ತಿಗೆ ಜಾನ್ಸನ್ ಅವನ ಬಾಯಲ್ಲಿ ಸುಳ್ಳುಗಾರ, ಜಾತಿಕೆಟ್ಟವ ಎಲ್ಲವೂ ಆಗಿದ್ದರು.

ಈ ಇಡೀ ವೃತ್ತಿಜೀವನದಲ್ಲಿ ನಿಂತು ನೋಡಬೇಕಾದ ಜಾಗ 1965ರ ಮಾರ್ಚ್‌ನ ಹತ್ತು ದಿನಗಳು. ಸೆಲ್ಮಾ ಎಂಬ ಊರಿರುವ ಅಲಬಾಮಾದ ಡಲ್ಲಾಸ್ ಕೌಂಟಿಯಲ್ಲಿ ಮತದಾನದ ವಯಸ್ಸಿನ ಕಪ್ಪು ಜನ ಸುಮಾರು 15 ಸಾವಿರ. ಪಟ್ಟಿಯಲ್ಲಿದ್ದವರು ನಾನೂರೂ ದಾಟಿರಲಿಲ್ಲ. ಮಾರ್ಚ್ 7ರ ಭಾನುವಾರ ಮತದಾನದ ಹಕ್ಕು ಕೇಳಿ ಮಾಂಟ್ಗೊಮರಿಗೆ ಹೊರಟ ಮೆರವಣಿಗೆಯನ್ನು ಎಡ್ಮಂಡ್ ಪೆಟಸ್ ಸೇತುವೆಯ ಆಚೆ ರಾಜ್ಯ ಪೊಲೀಸರು ಲಾಠಿ, ಅಶ್ರುವಾಯುಗಳಿಂದ ಚದುರಿಸಿದರು. ಮರುದಿನವೇ ಕಿಂಗ್ ಅವರ ವಕೀಲರು ಜಾನ್ಸನ್ ಬಾಗಿಲಿಗೆ ಬಂದರು: ಪೊಲೀಸರನ್ನು ತಡೆಯಿರಿ, ನಾವು ಮಂಗಳವಾರ ಮತ್ತೆ ಹೊರಡುತ್ತೇವೆ.

ಜಾನ್ಸನ್ ಮೊದಲು ತಡೆದದ್ದು ಪೊಲೀಸರನ್ನಲ್ಲ, ಮೆರವಣಿಗೆಯನ್ನು. ವಿಚಾರಣೆ ಮುಗಿಯುವವರೆಗೆ ಯಾರೂ ಹೊರಡಬೇಡಿ ಎಂದರು. ಚಳವಳಿಗಾರರಿಗೆ ಕೆಂಡದಂಥ ಸಿಟ್ಟು ಬಂತು. ಕಿಂಗ್ ಮಂಗಳವಾರ ಸೇತುವೆಯವರೆಗೆ ಜನರನ್ನು ನಡೆಸಿಕೊಂಡು ಹೋಗಿ, ಮಂಡಿಯೂರಿ ಪ್ರಾರ್ಥಿಸಿ, ಹಿಂದಿರುಗಿದರು. ಅನೇಕರು ಅದನ್ನು ಹೇಡಿತನ ಎಂದರು. ಆಮೇಲೆ ಕೋರ್ಟಿನಲ್ಲಿ ಸಾಕ್ಷಿಗಳು ಒಬ್ಬೊಬ್ಬರಾಗಿ ಬಂದರು, ಪಾಟೀ ಸವಾಲು ನಡೆಯಿತು, ಪೊಲೀಸ್ ಅಧಿಕಾರಿಗಳೂ ಪ್ರಮಾಣ ಮಾಡಿ ಮಾತನಾಡಬೇಕಾಯಿತು. ಭಾನುವಾರದ ಘಟನೆಯನ್ನು ಸೆರೆಹಿಡಿದಿದ್ದ ಟೆಲಿವಿಷನ್ ಚಿತ್ರವನ್ನು ನ್ಯಾಯಾಲಯದ ಗೋಡೆಯ ಮೇಲೆ ಓಡಿಸಲಾಯಿತು.

ಮಾರ್ಚ್ 17ರಂದು ಆದೇಶ ಬಂತು. ಹೆದ್ದಾರಿಯಲ್ಲಿ ನಡೆಯುವ ಹಕ್ಕಿನ ಅಳತೆ ಎಷ್ಟು ಎಂಬ ಪ್ರಶ್ನೆಗೆ ಜಾನ್ಸನ್ ಕೊಟ್ಟ ಉತ್ತರದ ಸಾರ ಇಷ್ಟು: ಪ್ರತಿಭಟನೆಗೆ ಕಾರಣವಾದ ಅನ್ಯಾಯ ಎಷ್ಟು ದೊಡ್ಡದೋ ಪ್ರತಿಭಟಿಸುವ ಹಕ್ಕೂ ಅಷ್ಟೇ ದೊಡ್ಡದಿರಬೇಕು, ಇಲ್ಲಿ ಅನ್ಯಾಯ ಅಗಾಧವಾದದ್ದು. ಆದರೆ ಅದೇ ಆದೇಶದಲ್ಲಿ ಲೆಕ್ಕವೂ ಇದೆ. ರಸ್ತೆ ಎರಡೇ ಪಥಕ್ಕೆ ಕಿರಿದಾಗುವ ಕಡೆ 300ಕ್ಕಿಂತ ಹೆಚ್ಚು ಜನ ನಡೆಯುವಂತಿಲ್ಲ. ಕಾವಲು ಕೊಡಲಾರೆ ಎಂದು ವಾಲೇಸ್ ಕೈ ಚೆಲ್ಲಿದಾಗ ಅಧ್ಯಕ್ಷ ಲಿಂಡನ್ ಜಾನ್ಸನ್ ರಾಜ್ಯದ ನ್ಯಾಷನಲ್ ಗಾರ್ಡ್ ಪಡೆಯನ್ನು ಕೇಂದ್ರದ ಅಧೀನಕ್ಕೆ ತೆಗೆದುಕೊಂಡರು. ಮಾರ್ಚ್ 21ರಂದು ಹೊರಟ ಮೆರವಣಿಗೆ 25ಕ್ಕೆ ಮಾಂಟ್ಗೊಮರಿ ಮುಟ್ಟುವಾಗ ಸುಮಾರು 25 ಸಾವಿರ ಜನ. ಅಂದು ರಾತ್ರಿ ಮೆರವಣಿಗೆಯವರನ್ನು ಕಾರಿನಲ್ಲಿ ಬಿಟ್ಟುಬರುತ್ತಿದ್ದ ವಯೋಲಾ ಲೀಯುಝೊ ಎಂಬ ಬಿಳಿಯ ಮಹಿಳೆಯನ್ನು ಕು ಕ್ಲಕ್ಸ್ ಕ್ಲ್ಯಾನ್ ಎಂಬ ಬಿಳಿಯರ ಹಿಂಸಾವಾದಿ ಗುಂಪಿನವರು ಗುಂಡಿಟ್ಟು ಕೊಂದರು. ರಾಜ್ಯದ ಕೋರ್ಟಿನಲ್ಲಿ ಕೊಲೆಗೆ ಶಿಕ್ಷೆಯಾಗಲಿಲ್ಲ. ಡಿಸೆಂಬರ್‌ನಲ್ಲಿ ಜಾನ್ಸನ್ ಕೋರ್ಟಿನಲ್ಲಿ ಬಿಳಿಯರೇ ತುಂಬಿದ್ದ ಜ್ಯೂರಿ ಮೂವರು ಆರೋಪಿಗಳನ್ನು ದೋಷಿಗಳೆಂದಿತು. ನಮ್ಮಲ್ಲಿ ಒಮ್ಮತವಿಲ್ಲ ಎಂದು ಜ್ಯೂರಿ ಎದ್ದುಬಂದಾಗ, ಹೋಗಿ ಇನ್ನೂ ಚರ್ಚಿಸಿ ಎಂದು ಒಳಗೆ ಕಳಿಸಿದವರು ಜಾನ್ಸನ್.

ವಿಚಾರಣಾ ನ್ಯಾಯಾಧೀಶರ ಬಲ ಎಲ್ಲಿದೆ ಎಂಬ ಪ್ರಶ್ನೆಗೆ ನನಗೆ ಈ ಹತ್ತು ದಿನಗಳಲ್ಲಿ ಉತ್ತರ ಕಾಣುತ್ತದೆ. ಮೇಲಿನ ಕೋರ್ಟುಗಳು ಕಾಗದ ಓದುತ್ತವೆ. ಕೆಳಗಿನ ಕೋರ್ಟ್ ಮುಖ ನೋಡುತ್ತದೆ. ಏನು ನಡೆಯಿತು ಎಂಬುದನ್ನು ಅದು ಒಮ್ಮೆ ಬರೆದಿಟ್ಟರೆ, ಸುಪ್ರೀಂ ಕೋರ್ಟ್ ಕೂಡ ಅದನ್ನು ಸುಲಭವಾಗಿ ಅಳಿಸುವುದಿಲ್ಲ. ಹಾಗಾಗಿ ಆದೇಶ ಎಷ್ಟು ಅಗಲ ಎಂದು ಕೇಳುವುದಕ್ಕೆ ಮೊದಲು, ಆ ಅಗಲಕ್ಕೆ ಬೇಕಾದಷ್ಟು ಸಾಕ್ಷ್ಯ ಅದರ ಕೆಳಗಿದೆಯೇ ಎಂದು ಕೇಳಬೇಕು.

ಇದಕ್ಕೆ ಮತ್ತೆ ಟಸ್ಕೀಗಿಯೇ ಉದಾಹರಣೆ. 1963ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಬಿಳಿಯರ ಹೈಸ್ಕೂಲಿಗೆ 13 ಕಪ್ಪು ಮಕ್ಕಳನ್ನು ಸೇರಿಸಬೇಕೆಂದು ಜಾನ್ಸನ್ ಆದೇಶಿಸಿದ್ದರು. ಊರಿನ ಶಾಲಾ ಮಂಡಳಿ ಒಲ್ಲದ ಮನಸ್ಸಿನಿಂದಲಾದರೂ ತಯಾರಾಗಿತ್ತು. ವಾಲೇಸ್ ರಾಜ್ಯ ಪೊಲೀಸರನ್ನು ಕಳಿಸಿ ಶಾಲೆಯನ್ನೇ ಮುಚ್ಚಿಸಿದ. ತನ್ನ ಮತದಾರರ ಮುಂದೆ ಅದು ಗಂಡಸುತನದ ಪ್ರದರ್ಶನ. ಕಾನೂನಿನ ಕಣ್ಣಿನಲ್ಲಿ ಕಾಲ ಮೇಲೆ ತಾನೇ ಹಾಕಿಕೊಂಡ ಕಲ್ಲು. ಶಾಲೆಗಳು ಆಯಾ ಊರಿನ ವಿಷಯ, ರಾಜ್ಯ ಸರ್ಕಾರಕ್ಕೆ ಸಂಬಂಧವಿಲ್ಲ ಎಂಬ ವಾದವನ್ನು ಗವರ್ನರ್ ಸ್ವತಃ ಸುಳ್ಳು ಮಾಡಿದ್ದ. ರಾಜ್ಯವೇ ಪ್ರತ್ಯೇಕತೆಯನ್ನು ನಡೆಸುತ್ತಿದೆ ಎಂಬ ಸಾಕ್ಷ್ಯ ಕಡತಕ್ಕೆ ಸೇರುತ್ತ ಹೋಯಿತು. 1967ರಲ್ಲಿ ಜಾನ್ಸನ್ ಇದ್ದ ಮೂವರ ಪೀಠ ಅಲಬಾಮಾದ 99 ಶಾಲಾ ಆಡಳಿತಗಳಿಗೆ ಒಂದೇ ಆದೇಶದಲ್ಲಿ ಪ್ರತ್ಯೇಕತೆ ಕೊನೆಗಾಣಿಸಲು ಹೇಳಿತು. ಒಂದು ಶಾಲೆಯ ಮೊಕದ್ದಮೆ ರಾಜ್ಯದ ತುಂಬ ಹರಡಿದ್ದು ನ್ಯಾಯಾಧೀಶರ ಮಹತ್ವಾಕಾಂಕ್ಷೆಯಿಂದಲ್ಲ, ಪ್ರತಿವಾದಿಯ ಕೈವಾಡ ಅಷ್ಟು ದೂರ ಚಾಚಿದ್ದರಿಂದ.

ಎಪ್ಪತ್ತರ ದಶಕದ ಜಾನ್ಸನ್ ಬಗ್ಗೆ ನನಗೂ ಪೂರ್ತಿ ನೆಮ್ಮದಿಯಿಲ್ಲ. 1970ರಲ್ಲಿ ಟಸ್ಕಲೂಸಾದ ಬ್ರೈಸ್ ಮಾನಸಿಕ ಆಸ್ಪತ್ರೆಯಲ್ಲಿ, ಸಿಗರೇಟು ತೆರಿಗೆಯ ಆದಾಯ ಕಡಿಮೆಯಾಯಿತೆಂದು ಸಿಬ್ಬಂದಿಯನ್ನು ಕೆಲಸದಿಂದ ತೆಗೆದರು. ಕೆಲಸ ಕಳೆದುಕೊಂಡವರು ಹೂಡಿದ ದಾವೆ ರೋಗಿಗಳ ದಾವೆಯಾಗಿ ಬದಲಾಯಿತು. ಸುಮಾರು 5,200 ರೋಗಿಗಳು. ಡಾಕ್ಟರೇಟ್ ಪಡೆದ ಮನೋವಿಜ್ಞಾನಿ ಒಬ್ಬರು. ಮನೋವೈದ್ಯದಲ್ಲಿ ಅಷ್ಟಿಷ್ಟು ತರಬೇತಿ ಇದ್ದ ವೈದ್ಯರು ಮೂವರು. ಒಬ್ಬ ರೋಗಿಯ ದಿನದ ಊಟದ ಖರ್ಚು 50 ಸೆಂಟ್‌ಗಿಂತ ಕಡಿಮೆ. ಚಿಕಿತ್ಸೆ ಕೊಡುತ್ತೇವೆಂದು ಕೂಡಿಹಾಕಿ ಚಿಕಿತ್ಸೆ ಕೊಡದಿದ್ದರೆ ಅದು ಸೆರೆವಾಸವಷ್ಟೇ ಎಂದು ಜಾನ್ಸನ್ ತೀರ್ಪು ಕೊಟ್ಟರು. ಅಲ್ಲಿಗೆ ನಿಲ್ಲಲಿಲ್ಲ, ತಾವು ಕೊಟ್ಟ ಗಡುವನ್ನು ರಾಜ್ಯ ಮೀರಿದಾಗ, 1972ರಲ್ಲಿ, ಎಂಟು ರೋಗಿಗಳಿಗೆ ಒಂದು ಶೌಚಾಲಯ, 15 ಜನರಿಗೆ ಒಂದು ಸ್ನಾನದ ವ್ಯವಸ್ಥೆ ಎಂಬಷ್ಟು ಸೂಕ್ಷ್ಮವಾಗಿ ಮಾನದಂಡಗಳನ್ನು ಬರೆದರು. 1976ರಲ್ಲಿ ಜೈಲುಗಳ ಸರದಿ. ಕೋಣೆಯ ವಿಸ್ತೀರ್ಣ ಕನಿಷ್ಠ 60 ಚದರ ಅಡಿ ಇರಬೇಕೆಂದರು. ಅಲಬಾಮಾದ ನಿಜವಾದ ಗವರ್ನರ್ ಇವರೇ ಎಂಬ ಮಾತು ಹುಟ್ಟಿದ್ದು ಆಗ, ಕೆಲವರ ಬಾಯಲ್ಲಿ ಹೊಗಳಿಕೆಯಾಗಿ, ಹಲವರ ಬಾಯಲ್ಲಿ ಬೈಗುಳವಾಗಿ.

ಶೌಚಾಲಯ ಎಣಿಸುವುದು ನ್ಯಾಯಾಧೀಶರ ಕೆಲಸವಲ್ಲ ಎಂಬ ಟೀಕೆಯಲ್ಲಿ ಸತ್ಯವಿದೆ. ಬೊಕ್ಕಸದ ಹಣವನ್ನು ಎಲ್ಲಿ ಖರ್ಚು ಮಾಡಬೇಕೆಂದು ಹೇಳುವವನು ಮತ ಕೇಳಲು ಬರಬೇಕು. ಆದರೆ ಆ ಆಸ್ಪತ್ರೆಯೊಳಗಿದ್ದವರ ಬಳಿ ಮತವೂ ಇರಲಿಲ್ಲ, ಕೇಳಿಕೊಂಡು ಬರುವವರೂ ಇರಲಿಲ್ಲ. ತಾನು ನೋಡಿಕೊಳ್ಳಬೇಕಾದ್ದನ್ನು ವಾಲೇಸ್ ಸರ್ಕಾರ ಕೋರ್ಟಿಗೆ ಬಿಟ್ಟು, ಆಮೇಲೆ ಕೋರ್ಟನ್ನು ಬೈದು ಓಟು ಪಡೆಯಿತು. ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳ ಕಾಲದಲ್ಲಿ ಬೆಳೆದ ನಮಗೆ ಈ ಆಟದ ನಿಯಮ ಹೊಸದಲ್ಲ.

ಈಗ ಇಂದಿನ ಜಗಳಕ್ಕೆ ಬರೋಣ. ಒಬ್ಬ ಜಿಲ್ಲಾ ನ್ಯಾಯಾಧೀಶ ದೇಶದ ತುಂಬ ಅನ್ವಯಿಸುವ ತಡೆಯಾಜ್ಞೆ ಕೊಡುವುದು ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ವಾಡಿಕೆಯೇ ಆಗಿಹೋಯಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. 2015ರಲ್ಲಿ ಟೆಕ್ಸಾಸ್‌ನ ಆಂಡ್ರ್ಯೂ ಹೇನನ್ ಎಂಬ ನ್ಯಾಯಾಧೀಶರು ಒಬಾಮಾ ಅವರ ವಲಸೆ ಯೋಜನೆಯನ್ನು ತಡೆದಾಗ ರಿಪಬ್ಲಿಕನ್ನರು ಸಂಭ್ರಮಿಸಿದರು. 2017ರಲ್ಲಿ ಸಿಯಾಟಲ್‌ನ ಜೇಮ್ಸ್ ರೋಬಾರ್ಟ್ ಟ್ರಂಪ್ ಅವರ ಪ್ರಯಾಣ ನಿಷೇಧವನ್ನು ತಡೆದಾಗ ಡೆಮಾಕ್ರಟರು ಸಂಭ್ರಮಿಸಿದರು. ರೋಬಾರ್ಟ್ ಅವರನ್ನು ಟ್ರಂಪ್ 'ನ್ಯಾಯಾಧೀಶ ಎನಿಸಿಕೊಂಡವ' ಎಂದು ಮೂದಲಿಸಿದರು. 2023ರಲ್ಲಿ ಟೆಕ್ಸಾಸ್‌ನ ಅಮರಿಲ್ಲೊದಲ್ಲಿ ಮ್ಯಾಥ್ಯೂ ಕಾಸ್ಮರಿಕ್ ಗರ್ಭಪಾತದ ಮಾತ್ರೆಯೊಂದರ ಅನುಮತಿಗೇ ತಡೆ ಕೊಟ್ಟರು. ಆ ಊರಲ್ಲಿ ಅರ್ಜಿ ಹಾಕಿದರೆ ಅದು ಅವರ ಮುಂದೆಯೇ ಬರುತ್ತದೆ ಎಂಬುದು ಅರ್ಜಿದಾರರಿಗೆ ಗೊತ್ತಿತ್ತು. ಅರ್ಜಿದಾರರಿಗೆ ದಾವೆ ಹೂಡುವ ಅರ್ಹತೆಯೇ ಇಲ್ಲ ಎಂದು ಮರುವರ್ಷ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು. ನ್ಯಾಯಾಧೀಶರನ್ನು ಆರಿಸಿಕೊಂಡು ಊರಿಗೆ ಹೋಗುವುದು ಎರಡೂ ಪಕ್ಷಗಳ ವಕೀಲರಿಗೆ ಕರಗತವಾಗಿತ್ತು.

2025ರ ಜೂನ್ 27ರಂದು ಸುಪ್ರೀಂ ಕೋರ್ಟ್ ಆರಕ್ಕೆ ಮೂರರ ಬಹುಮತದಿಂದ ಇದಕ್ಕೆ ಕಡಿವಾಣ ಹಾಕಿತು. ನ್ಯಾಯಮೂರ್ತಿ ಏಮಿ ಬ್ಯಾರೆಟ್ ಬರೆದ ತೀರ್ಪಿನ ಪ್ರಕಾರ, 1789ರ ನ್ಯಾಯಾಂಗ ಕಾಯ್ದೆ ಕೊಟ್ಟ ಅಧಿಕಾರ ಕಕ್ಷಿದಾರರಿಗೆ ಪರಿಹಾರ ಕೊಡುವುದಕ್ಕೆ, ಊರಿಗೆಲ್ಲ ಹಂಚುವುದಕ್ಕಲ್ಲ. ಜನ್ಮಸಿದ್ಧ ಪೌರತ್ವದ ಆದೇಶ ಸರಿಯೇ ತಪ್ಪೇ ಎಂದು ಆ ತೀರ್ಪು ಹೇಳಲಿಲ್ಲ. ಆದರೆ ಒಂದೇ ಬಗೆಯ ತೊಂದರೆಗೆ ಸಿಲುಕಿದವರೆಲ್ಲ ಒಂದು ವರ್ಗವಾಗಿ ದಾವೆ ಹೂಡುವ ದಾರಿಯನ್ನು ತೆರೆದೇ ಇಟ್ಟಿತು. ಎರಡೇ ವಾರದಲ್ಲಿ, ಜುಲೈ 10ರಂದು, ನ್ಯೂ ಹ್ಯಾಂಪ್‌ಶೈರ್‌ನ ಜೋಸೆಫ್ ಲಪ್ಲಾಂಟ್ ಎಂಬ ಜಿಲ್ಲಾ ನ್ಯಾಯಾಧೀಶರು, ಆದೇಶದಿಂದ ಪೌರತ್ವ ಕಳೆದುಕೊಳ್ಳುವ ಮಕ್ಕಳನ್ನೆಲ್ಲ ಒಂದು ವರ್ಗವೆಂದು ಪರಿಗಣಿಸಿ ಮತ್ತೆ ತಡೆ ಕೊಟ್ಟರು. ಅದೇ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಈ ಪ್ರಕರಣವನ್ನು ಕೈಗೆತ್ತಿಕೊಂಡಿತು. ಯಾರು ನೇಮಿಸಿದರು ಎಂಬುದನ್ನು ನೋಡಿ ಎಲ್ಲವನ್ನೂ ಊಹಿಸುವವರಿಗೆ ಒಂದು ಕಿವಿಮಾತು: ಲಪ್ಲಾಂಟ್ ಅವರನ್ನು ನೇಮಿಸಿದ್ದು ಜಾರ್ಜ್ ಡಬ್ಲ್ಯು. ಬುಷ್. ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಹಾಕಿದ ಟ್ರಂಪ್ ಘೋಷಣೆಯನ್ನು ಅದೇ ಡಿಸೆಂಬರ್‌ನಲ್ಲಿ ಎತ್ತಿಹಿಡಿದ ವಾಷಿಂಗ್ಟನ್‌ನ ಬೆರಿಲ್ ಹೊವೆಲ್ ಒಬಾಮಾ ನೇಮಿಸಿದವರು.

ವಿಚಿತ್ರವೆಂದರೆ ಈ ಸಮಸ್ಯೆಗೆ ಅಮೆರಿಕ ಒಂದು ಕಾಲದಲ್ಲಿ ಉತ್ತರ ಕಂಡುಕೊಂಡು ಆಮೇಲೆ ಅದನ್ನು ಅಟ್ಟಕ್ಕೆ ಹಾಕಿತು. ರಾಜ್ಯದ ಕಾನೂನನ್ನು ಒಬ್ಬನೇ ಫೆಡರಲ್ ನ್ಯಾಯಾಧೀಶ ತಡೆಯುವುದು ಸಲ್ಲ ಎಂದು 1910ರಲ್ಲಿ, ಕೇಂದ್ರದ ಕಾನೂನಿನ ಬಗ್ಗೆಯೂ ಹಾಗೆಯೇ ಎಂದು 1937ರಲ್ಲಿ, ಸಂಸತ್ತು ಮೂವರ ಪೀಠ ಕೂರಬೇಕೆಂಬ ನಿಯಮ ಮಾಡಿತ್ತು. ಅಲ್ಲಿಂದ ಮೇಲ್ಮನವಿ ನೇರ ಸುಪ್ರೀಂ ಕೋರ್ಟಿಗೆ. ಮಾಂಟ್ಗೊಮರಿಯ ಬಸ್ ಪ್ರಕರಣದಲ್ಲಿ ಜಾನ್ಸನ್ ಪಕ್ಕದಲ್ಲಿ ಇನ್ನಿಬ್ಬರು ಇದ್ದದ್ದು, ತೀರ್ಪು ಬಂದ ಐದು ತಿಂಗಳು ಚಿಲ್ಲರೆ ದಿನಗಳಲ್ಲಿ ಅಂತಿಮ ಉತ್ತರ ಬಂದದ್ದು ಆ ನಿಯಮದಿಂದ. ಕೆಲಸದ ಹೊರೆ ಎಂದು 1976ರಲ್ಲಿ ಅದನ್ನು ಬಹುಪಾಲು ರದ್ದು ಮಾಡಿದರು. ಈಗ ಮುಖ್ಯವಾಗಿ ಮತಕ್ಷೇತ್ರಗಳ ಗಡಿಯ ವ್ಯಾಜ್ಯಗಳಲ್ಲಿ ಉಳಿದಿದೆ. ತಡೆಯಾಜ್ಞೆಯ ಅಗಲ ಕತ್ತರಿಸುವುದಕ್ಕಿಂತ ಅದನ್ನು ಕೊಡುವ ಕೈಗಳನ್ನು ಮೂರು ಮಾಡುವುದು ಒಳ್ಳೆಯ ದಾರಿ ಎಂಬುದು ನನ್ನ ಅಭಿಪ್ರಾಯ. ವರ್ಗ ದಾವೆಯ ಬಳಸುದಾರಿಯಲ್ಲಿ ಅದೇ ಅಗಲ ಮರಳಿ ಬರುವುದನ್ನು ಲಪ್ಲಾಂಟ್ ಆದೇಶದಲ್ಲಿ ಆಗಲೇ ನೋಡಿದೆವು.

ಕಾನೂನಿನಿಂದ ಬಗೆಹರಿಯದ ಭಾಗವೂ ಇದೆ. 2020ರಲ್ಲಿ ನ್ಯೂಜೆರ್ಸಿಯ ನ್ಯಾಯಾಧೀಶೆ ಎಸ್ತರ್ ಸಲಾಸ್ ಅವರ ಮನೆ ಬಾಗಿಲಿಗೆ ಪಾರ್ಸೆಲ್ ತಂದವನ ವೇಷದಲ್ಲಿ ಬಂದ ವಕೀಲನೊಬ್ಬ ಅವರ 20 ವರ್ಷದ ಏಕೈಕ ಮಗನನ್ನು ಗುಂಡಿಟ್ಟು ಕೊಂದ, ಗಂಡನನ್ನು ಗಾಯಗೊಳಿಸಿದ. ನ್ಯಾಯಾಧೀಶರ ಮನೆ ವಿಳಾಸಗಳನ್ನು ಗುಟ್ಟಾಗಿಡುವ ಕಾನೂನು 2022ರಲ್ಲಿ ಆ ಮಗನ ಹೆಸರಿನಲ್ಲೇ ಬಂತು. 2025ರಲ್ಲಿ ಹಲವು ನ್ಯಾಯಾಧೀಶರ ಮನೆಗೆ ಕೇಳದೇ ಇದ್ದ ಪಿಜ್ಜಾಗಳು ಬರತೊಡಗಿದವು. ಕೆಲವುದರ ಮೇಲೆ ತರಿಸಿಕೊಂಡವರ ಹೆಸರಾಗಿ ಸತ್ತ ಆ ಹುಡುಗನ ಹೆಸರಿತ್ತು. ನಿನ್ನ ಮನೆ ನಮಗೆ ಗೊತ್ತು ಎನ್ನುವುದಕ್ಕೆ ಅದೊಂದು ದಾರಿ. ಕಫೆನೌರ್ ಮನೆಗೆ ಯಾರೋ ಕೊಟ್ಟ ಸುಳ್ಳು ದೂರಿನ ಮೇಲೆ ಪೊಲೀಸರು ಶಸ್ತ್ರ ಹಿಡಿದು ಬಂದರು. ವೆನೆಜುವೆಲಾದವರನ್ನು ಎಲ್ ಸಾಲ್ವಡಾರ್‌ಗೆ ಹೊತ್ತ ವಿಮಾನಗಳ ಪ್ರಕರಣದಲ್ಲಿ 2025ರ ಮಾರ್ಚ್‌ನಲ್ಲಿ ತಡೆ ಕೊಟ್ಟ ಜೇಮ್ಸ್ ಬೋಸ್‌ಬರ್ಗ್ ಅವರನ್ನು ವಾಗ್ದಂಡನೆಗೆ ಗುರಿಪಡಿಸಬೇಕೆಂದು ಅಧ್ಯಕ್ಷರೇ ಕರೆಕೊಟ್ಟಾಗ, ತೀರ್ಪು ಒಪ್ಪಿಗೆಯಾಗದಿದ್ದರೆ ಇರುವ ದಾರಿ ಮೇಲ್ಮನವಿ, ವಾಗ್ದಂಡನೆಯಲ್ಲ ಎಂದು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಅದೇ ದಿನ ಹೇಳಬೇಕಾಯಿತು. ಮೇಲ್ಮನವಿ ನಡೆಯಿತು ಕೂಡ: ದಾವೆ ಹೂಡಿದ ಊರೇ ತಪ್ಪು ಎಂದು ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕರಲ್ಲಿ ಬೋಸ್‌ಬರ್ಗ್ ಅವರ ತಡೆಯನ್ನು ತೆರವು ಮಾಡಿತು.

ಜಾನ್ಸನ್ 1979ರಲ್ಲಿ ಮೇಲ್ಮನವಿ ನ್ಯಾಯಾಲಯಕ್ಕೆ ಬಡ್ತಿ ಪಡೆದರು. ಅದಕ್ಕೆ ಎರಡು ವರ್ಷ ಮೊದಲು ಅಧ್ಯಕ್ಷ ಜಿಮ್ಮಿ ಕಾರ್ಟರ್, ಜಾನ್ಸನ್ ಅವರನ್ನು ಎಫ್‌ಬಿಐ ಮುಖ್ಯಸ್ಥರನ್ನಾಗಿ ಹೆಸರಿಸಿದ್ದರು, ಅನಾರೋಗ್ಯ ಅಡ್ಡ ಬಂತು. 1999ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಮಾಂಟ್ಗೊಮರಿಯ ನ್ಯಾಯಾಲಯದ ಕಟ್ಟಡಕ್ಕೆ ಅವರ ಹೆಸರೇ ಇತ್ತು.

ಅವರು ತೆರವು ಮಾಡಿದ ಪೀಠಕ್ಕೆ 1980ರಲ್ಲಿ ಬಂದವರು ಮೈರನ್ ಥಾಂಪ್ಸನ್, ಆಗ 33 ವರ್ಷದ ಕಪ್ಪು ವಕೀಲ. ಹುಟ್ಟಿದ್ದು ಟಸ್ಕೀಗಿಯಲ್ಲಿ, 1947ರಲ್ಲಿ. ಜಾನ್ಸನ್ ತಮ್ಮ ಕೆಲಸವಲ್ಲ ಎಂದು ಕೈಬಿಟ್ಟ ಆ 28 ಮೂಲೆಗಳ ಗಡಿಯನ್ನು ಶಾಸನಸಭೆ ಎಳೆದಾಗ ಆತನಿಗೆ ಹತ್ತು ವರ್ಷ. ಬ್ರೈಸ್ ಆಸ್ಪತ್ರೆಯ ಮೊಕದ್ದಮೆ ಗವರ್ನರುಗಳನ್ನೂ ಆಯುಕ್ತರನ್ನೂ ದಾಟಿಕೊಂಡು ಥಾಂಪ್ಸನ್ ಮೇಜಿಗೆ ಬಂದಿತ್ತು. ರಾಜ್ಯ ಮಾಡಬೇಕಾದ್ದನ್ನು ಮಾಡಿದೆ ಎಂದು ಬರೆದು ಅವರು ಆ ಕಡತವನ್ನು ಮುಚ್ಚಿದ್ದು 2003ರ ಡಿಸೆಂಬರ್‌ನಲ್ಲಿ, ದಾವೆ ಹೂಡಿದ 33 ವರ್ಷಗಳ ನಂತರ.